ಹಿಂದಿನ ಅಚ್ಚಿನ ಮಾತು

ಕಾರನ್ನು ಕೊಳ್ಳುವವನು ಅದರ ಮುಂಭಾಗವನ್ನು ನೋಡಿ ಕೊಳ್ಳುತ್ತಾನೆ. ಅದರಲ್ಲಿ ಕುಳಿತು ಓಡಾಡುವವರು ಹಿಂಭಾಗದ ಗುಣವನ್ನು ಅನುಭವಿಸುತ್ತಾರೆ. ದೀಪಗಳ ಚೆಲುವು, ಬಣ್ಣದ ಹೊಳಪು, ಗಾಜಿನ ಪರದೆಯ ಅಗಲ ಇವುಗಳನ್ನು ಕುರಿತು ಜಾಹೀರಾತುಗಳು ಪುಟಗಟ್ಟಲೆ ಹೇಳುತ್ತವೆ. ಹಿಂದಿನ ಎರಡು ಗಾಲಿಗಳನ್ನು ಗಾಡಿಯ ಒಡಲಿಗೆ ಯಾವ ಬಗೆಯಲ್ಲಿ ಕಟ್ಟಿದೆ, ಎಂಜಿನ್ನಿನ ಬಲವು ಯಾವ ಗಾಲಿಗಳಿಗೆ ಹೋಗುತ್ತದೆ ಎಂಬ ಎರಡು ಸಂಗತಿಗಳನ್ನು ಮಾತ್ರ ಕೊನೆಯ ಪುಟದ ಸಣ್ಣಕ್ಷರದಲ್ಲಿ ಮುಗಿಸಿಬಿಡುತ್ತವೆ. ನನಗೆ ತೋರುವ ಮಟ್ಟಿಗೆ, ಇಡೀ ಪುಸ್ತಿಕೆಯಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಆ ಸಣ್ಣಕ್ಷರದ ಸಾಲು. ತಯಾರಕನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಗಾಡಿಯನ್ನು ಕಟ್ಟಿದನೆಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ.

ನಮ್ಮ ಕಬ್ಬಾಳಿನಲ್ಲಿ ಈ ವಿಷಯವನ್ನು ಅಭ್ಯಾಸ ಮಾಡಲು ಯಾವ ಕಾಲೇಜಿಗೂ ಹೋಗಬೇಕಾಗಿಲ್ಲ. ಕಬ್ಬಾಳಮ್ಮನ ದರ್ಶನಕ್ಕೆ ಜನ ಸೇರುವ ದಿನ ದೇವಾಲಯದ ಆಸುಪಾಸಿನಲ್ಲಿ ನಿಂತ ಗಾಡಿಗಳ ಸಾಲನ್ನು ಒಮ್ಮೆ ನಡೆದು ನೋಡಿದರೆ ಸಾಕು. ಮನೆಮಂದಿಯನ್ನೂ ಅಡಿಗೆಯ ಪಾತ್ರೆಗಳನ್ನೂ ಒಟ್ಟಿಗೆ ತುಂಬಿಕೊಂಡು ಬಂದ ಹಳೆಯ ಕ್ವಾಲಿಸ್ ಒಂದು ಕಡೆ; ಬಾಡಿಗೆಗೆ ಓಡುವ ಇನ್ನೋವಾ ಇನ್ನೊಂದು ಕಡೆ; ಬೆಂಗಳೂರಿನಿಂದ ಸದ್ದಿಲ್ಲದೆ ಬಂದು ನಿಂತ ಹೊಸ ಹೈಕ್ರಾಸ್ ಮತ್ತೊಂದು ಕಡೆ. ಈ ಮೂರೂ ನಮ್ಮ ನೆರೆಯ ಬಿಡದಿಯಲ್ಲಿರುವ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದವು. ಆದರೆ ಮೂರರ ಹಿಂಭಾಗವೂ ಮೂರು ಬಗೆ. ಒಂದೇ ಮನೆಯ ಮಕ್ಕಳು ಇಷ್ಟು ಬೇರೆಬೇರೆಯಾಗಿ ಬೆಳೆದುದೇಕೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ವಿದ್ಯಾರ್ಥಿಗಳ ಉತ್ತರ: ಹಳೆಯದು ಒರಟು, ಹೊಸದು ಸುಧಾರಿತ, ಕಾಲ ಮುಂದುವರಿದಂತೆ ಯಂತ್ರವೂ ಮುಂದುವರಿಯುತ್ತದೆ. ಹಿರಿಯ ಚಾಲಕರ ಉತ್ತರ: ಹಳೆಯದು ಗಟ್ಟಿ, ಹೊಸದೆಲ್ಲ ಕಂಪನಿಯ ಲಾಭಕ್ಕಾಗಿ ಮಾಡಿದ್ದು. ಇವೆರಡೂ ವಿಚಾರವನ್ನು ತಪ್ಪಿಸಿಕೊಳ್ಳುವ ಉಪಾಯಗಳೆಂದು ನನ್ನ ಅಭಿಪ್ರಾಯ. ಯಂತ್ರದಲ್ಲಿ ಕೇವಲ ‘ಒಳ್ಳೆಯದು’ ಎಂಬುದು ಇಲ್ಲ. ಯಾರಿಗೆ, ಯಾವ ಭಾರಕ್ಕೆ, ಯಾವ ದಾರಿಗೆ, ಎಷ್ಟು ಹಣಕ್ಕೆ ಎಂದು ಕೇಳಿದ ಮೇಲೆಯೇ ಆ ಮಾತಿಗೆ ಅರ್ಥ ಬರುತ್ತದೆ.

ಮೊದಲಿನಿಂದ ನೋಡೋಣ. ಚನ್ನಪಟ್ಟಣದ ಮರದ ಆಟಿಕೆಯ ಬಂಡಿಯಲ್ಲಿ ಒಂದು ಕಡ್ಡಿ, ಅದರ ಎರಡು ತುದಿಗೆ ಎರಡು ಗಾಲಿ. ಎತ್ತಿನ ಗಾಡಿಯ ಅಚ್ಚೂ ಹಾಗೆಯೇ. ಒಂದು ಗಾಲಿ ಕಲ್ಲನ್ನು ಹತ್ತಿತೆಂದರೆ ಅಚ್ಚೆಲ್ಲ ವಾಲುತ್ತದೆ. ಇನ್ನೊಂದು ಗಾಲಿಯೂ ಓರೆಯಾಗುತ್ತದೆ. ಮೇಲೆ ಕುಳಿತವನ ತಲೆಯೂ ಓಲಾಡುತ್ತದೆ. ಮೋಟಾರು ಬಂದಮೇಲೆ ಇದೇ ಅಚ್ಚನ್ನು ಟೊಳ್ಳಾದ ಉಕ್ಕಿನ ಕೊಳವೆಯನ್ನಾಗಿ ಮಾಡಿ, ನಡುವೆ ಗುಂಡಗೆ ಉಬ್ಬಿದ ಪೆಟ್ಟಿಗೆಯಲ್ಲಿ ಡಿಫರೆನ್ಷಿಯಲ್ಲಿನ ಹಲ್ಲುಗಾಲಿಗಳನ್ನಿಟ್ಟು, ಮುಂದಿನ ಎಂಜಿನ್ನಿನಿಂದ ಉದ್ದನೆಯ ಶಾಫ್ಟಿನ ಮೂಲಕ ಬಲವನ್ನು ತಂದು ಸೇರಿಸಿದರು. ಅಚ್ಚಿಗೂ ಒಡಲಿಗೂ ನಡುವೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಹೊಂದಿಸಿದ ಸ್ಪ್ರಿಂಗನ್ನು ಕಟ್ಟಿದರು. ನಮ್ಮ ರಿಪೇರಿಯವರು ಇದನ್ನು ಪ್ಲೇಟು ಎನ್ನುತ್ತಾರೆ. ಅಂಬಾಸಡರ್ ಕಾರೂ ಪ್ರೀಮಿಯರ್ ಪದ್ಮಿನಿಯೂ ನಮ್ಮ ದೇಶವನ್ನು ಹೊತ್ತು ತಿರುಗಿದ್ದು ಇಂಥ ಅಚ್ಚಿನ ಮೇಲೆಯೇ.

ಈ ಗಟ್ಟಿ ಅಚ್ಚಿನ ಗುಣಗಳು ಅಲ್ಪವಾದವಲ್ಲ. ಪಟ್ಟಿಗಳ ಸ್ಪ್ರಿಂಗು ಎರಡು ಕೆಲಸವನ್ನು ಒಂದೇ ಕೂಲಿಗೆ ಮಾಡುತ್ತದೆ: ಭಾರವನ್ನೂ ಹೊರುತ್ತದೆ, ಅಚ್ಚನ್ನು ಹಿಂದುಮುಂದಾಗದಂತೆ ಹಿಡಿದೂ ಇರುತ್ತದೆ. ಎಷ್ಟೇ ಭಾರ ಹೇರಿದರೂ ಗಾಲಿಗಳು ನೆಲಕ್ಕೆ ನೆಟ್ಟಗೆ ನಿಲ್ಲುತ್ತವೆ. ಅಚ್ಚಿನ ಉಬ್ಬಿಗೂ ನೆಲಕ್ಕೂ ಇರುವ ಅಂತರ ಭಾರದಿಂದ ಕುಗ್ಗುವುದಿಲ್ಲ. ಸವೆಯುವ ಕೀಲುಗಳು ಕಡಮೆ. ಪಟ್ಟಿಯೊಂದು ಮುರಿದರೆ ಹಳ್ಳಿಯ ಕುಲುಮೆಯ ಬಳಿಯಲ್ಲೂ ಪರಿಹಾರ ದೊರೆತೀತು.

ದೋಷಗಳೂ ಅಷ್ಟೇ ಸ್ಪಷ್ಟ. ಅಚ್ಚು, ಡಿಫರೆನ್ಷಿಯಲ್, ಗಾಲಿ, ಬ್ರೇಕು ಇಷ್ಟೂ ಸ್ಪ್ರಿಂಗಿನ ಕೆಳಗೆ ಉಳಿದ ಭಾರ. ಹಳ್ಳ ಬಂದಾಗ ಈ ಭಾರವೆಲ್ಲ ಒಟ್ಟಿಗೆ ಮೇಲಕ್ಕೆ ಹಾರುತ್ತದೆ, ಒಟ್ಟಿಗೆ ಕೆಳಕ್ಕೆ ಅಪ್ಪಳಿಸುತ್ತದೆ. ಹತ್ತು ಜನರನ್ನು ಹೊರಬೇಕಾದ ಸ್ಪ್ರಿಂಗು ಬಿರುಸಾಗಿರಲೇಬೇಕು. ಅದರ ಮೇಲೆ ಇಬ್ಬರೇ ಕುಳಿತರೆ ಅದು ಮಣಿಯುವುದಿಲ್ಲ, ಕುಪ್ಪಳಿಸುತ್ತದೆ. ನಮ್ಮ ಸಾರಿಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಕಾಲೇಜಿಗೆ ಹೋದವರಿಗೆ ಈ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಲಾರಿಯ ಚಾಸಿಯ ಮೇಲೆ ಕಟ್ಟಿದ ಬಸ್ಸು, ಬಿರುಸಾದ ಪಟ್ಟಿಗಳು, ಅಚ್ಚಿಗಿಂತ ಎಷ್ಟೋ ಹಿಂದಕ್ಕೆ ಚಾಚಿಕೊಂಡ ಸೀಟು. ಉಬ್ಬು ಬಂದಾಗ ಮೂಳೆಗಳೇ ಲೆಕ್ಕ ಹೇಳುತ್ತವೆ. 2001ರಲ್ಲಿ ಭಾರತಕ್ಕೆ ಬಂದು ಹೊಸಕೋಟೆಯಲ್ಲಿ ತಯಾರಾದ ವೋಲ್ವೊ ಬಸ್ಸುಗಳು ಎಂಜಿನ್ನನ್ನು ಹಿಂದಕ್ಕೆ ಒಯ್ದು, ಪಟ್ಟಿಗಳ ಬದಲು ಗಾಳಿಯ ಚೀಲಗಳ ಮೇಲೆ ಒಡಲನ್ನು ನಿಲ್ಲಿಸಿದಾಗ, ಬಸ್ಸೆಂದರೆ ಸರಕನ್ನಲ್ಲದೆ ಮನುಷ್ಯನನ್ನೂ ಸಾಗಿಸುವುದು ಎಂಬುದು ನಮ್ಮ ರಸ್ತೆಗಳಲ್ಲಿ ಮೊದಲ ಬಾರಿಗೆ ಸ್ಪಷ್ಟವಾಯಿತೆನ್ನಬಹುದು.

ಈಗ ಬಿಡದಿಯ ಮೂರು ಗಾಡಿಗಳಿಗೆ ಬರೋಣ. 2000ದಲ್ಲಿ ಮಾರಾಟಕ್ಕೆ ಬಂದ ಕ್ವಾಲಿಸ್ಸಿನ ಹಿಂಭಾಗ ಪಟ್ಟಿಗಳ ಮೇಲೆ ಕುಳಿತ ಗಟ್ಟಿ ಅಚ್ಚು. ಬಲ ಹೋಗುವುದು ಹಿಂದಿನ ಗಾಲಿಗಳಿಗೆ. ಅದರ ಸ್ಥಾನವನ್ನು 2005ರಲ್ಲಿ ಹಿಡಿದ ಇನ್ನೋವಾ ಅಚ್ಚನ್ನು ಉಳಿಸಿಕೊಂಡು ಪಟ್ಟಿಗಳನ್ನು ಬಿಟ್ಟಿತು. ಸುರುಳಿ ಸ್ಪ್ರಿಂಗು ಭಾರವನ್ನು ಹೊರುವುದಕ್ಕೆ. ನಾಲ್ಕು ಉಕ್ಕಿನ ತೋಳುಗಳೂ ಅಡ್ಡಲಾದ ಒಂದು ಸರಳೂ ಅಚ್ಚನ್ನು ಹಿಡಿದಿರುವುದಕ್ಕೆ. ಕೆಲಸವನ್ನು ಹೀಗೆ ಹಂಚಿದ ಮೇಲೆ ಸ್ಪ್ರಿಂಗನ್ನು ಮೆತ್ತಗೆ ಮಾಡಲು ಸಾಧ್ಯವಾಯಿತು. ಇನ್ನೋವಾಗೆ ಏಣಿಯಾಕಾರದ ಉಕ್ಕಿನ ಚೌಕಟ್ಟು ಏತಕ್ಕೆ ಬಂತೆಂದರೆ, ಹೈಲಕ್ಸ್ ಎಂಬ ಸರಕಿನ ಗಾಡಿ, ಫಾರ್ಚುನರ್ ಎಂಬ ದೊಡ್ಡ ಗಾಡಿ ಮತ್ತು ಇನ್ನೋವಾ, ಈ ಮೂರೂ ಒಂದೇ ಯೋಜನೆಯಲ್ಲಿ ಹುಟ್ಟಿದ ಒಡಹುಟ್ಟುಗಳು. ಮೂಟೆ ಹೊರುವ ಅಣ್ಣನ ಬೆನ್ನುಮೂಳೆಯೇ ಜನರನ್ನು ಹೊರುವ ತಮ್ಮನಿಗೂ ಬಂದಿತು. ಬಾಡಿಗೆಯ ಚಾಲಕರು ಅದನ್ನು ಅಷ್ಟು ನೆಚ್ಚಿಕೊಂಡುದರ ಗುಟ್ಟು ಇಲ್ಲಿದೆ.

2022ರ ಕೊನೆಯಲ್ಲಿ ಅನಾವರಣಗೊಂಡ ಹೈಕ್ರಾಸ್ ಈ ವಂಶದ ಕ್ರಮವನ್ನೇ ಬದಲಿಸಿತು. ಏಣಿಯ ಚೌಕಟ್ಟು ಹೋಯಿತು, ಒಡಲೇ ಚೌಕಟ್ಟಾಯಿತು. ಎಂಜಿನ್ನು ಅಡ್ಡಲಾಗಿ ತಿರುಗಿತು. ಬಲವು ಮುಂದಿನ ಗಾಲಿಗಳಿಗೆ ಹೋಯಿತು. ಹಿಂದೆ ಉಳಿದದ್ದು ಟಾರ್ಷನ್ ಬೀಮ್, ಎಂದರೆ ತಿರುಚುವ ತೊಲೆ. ಎರಡು ಗಾಲಿಗಳಿಗೆ ಎರಡು ತೋಳು, ತೋಳುಗಳನ್ನು ಸೇರಿಸುವ ಒಂದು ಅಡ್ಡತೊಲೆ. ಈ ತೊಲೆ ಬಗ್ಗುವುದಿಲ್ಲ, ಆದರೆ ತಿರುಚಿಕೊಳ್ಳುತ್ತದೆ. ಒಂದು ಗಾಲಿ ಮೇಲಕ್ಕೆದ್ದಾಗ ಇನ್ನೊಂದಕ್ಕೆ ಆ ಸುದ್ದಿ ಅರ್ಧ ಮಾತ್ರ ತಲಪುತ್ತದೆ. ಗಟ್ಟಿ ಅಚ್ಚಿನ ದಾಸ್ಯವೂ ಅಲ್ಲ, ಪೂರ್ಣ ಸ್ವಾತಂತ್ರ್ಯವೂ ಅಲ್ಲ. ಒಂದು ಬಗೆಯ ಕೂಡುಕುಟುಂಬ.

ಈ ಬದಲಾವಣೆಗೆ ಕಾರಣಗಳು ಒಂದಲ್ಲ. ಎಂಜಿನ್ನು, ಗೇರುಪೆಟ್ಟಿಗೆ, ಡಿಫರೆನ್ಷಿಯಲ್ ಎಲ್ಲವೂ ಮುಂದೆಯೇ ಒಂದು ಗಂಟಾದರೆ ನಡುವಿನ ಉದ್ದ ಶಾಫ್ಟು ಬೇಡ. ಅದಕ್ಕಾಗಿ ನೆಲವನ್ನು ಉಬ್ಬಿಸಬೇಕಾಗಿಲ್ಲ. ಹಿಂದೆ ಎದ್ದುಬೀಳುವ ಅಚ್ಚಿನ ಉಬ್ಬಿಗೆ ಜಾಗ ಬಿಡಬೇಕಾಗಿಲ್ಲ. ಮೂರನೆಯ ಸಾಲಿನವನು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂರಬೇಕಾಗಿಲ್ಲ. 1959ರಲ್ಲಿ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ಇಂಗ್ಲೆಂಡಿನ ಪುಟ್ಟ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡ ಮಲಗಿಸಿ ತೋರಿಸಿದ ಯುಕ್ತಿ ಇದು. 1983ರಲ್ಲಿ ಬಂದ ಮಾರುತಿ 800 ಇದನ್ನು ನಮ್ಮ ಮನೆಮನೆಗೂ ತಂದಿತು. ಮೇಲಾಗಿ, ಹೈಕ್ರಾಸ್ಸಿನ ಮೇಲ್ದರ್ಜೆಯ ಮಾದರಿಗಳಲ್ಲಿರುವ ಹೈಬ್ರಿಡ್ ವ್ಯವಸ್ಥೆಯಲ್ಲಿ ಪೆಟ್ರೋಲು ಎಂಜಿನ್ನೂ ವಿದ್ಯುತ್ ಮೋಟಾರೂ ಜೊತೆಗೂಡಿ ಮುಂದಿನ ಗಾಲಿಗಳನ್ನೇ ತಿರುಗಿಸುತ್ತವೆ. ಕಂಪನಿಯೊಂದು ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಗೆ ಕೇಂದ್ರ ಸರ್ಕಾರವು 2017ರಲ್ಲಿ ಮಿತಿ ಹಾಕಿತು; 2022ರಲ್ಲಿ ಅದನ್ನು ಬಿಗಿಗೊಳಿಸಿತು. ಹಗುರವಾದ ಒಡಲು, ಕಡಮೆ ಇಂಧನ ಎಂಬುದು ಆಗ ಬರಿಯ ಇಷ್ಟದ ಮಾತಾಗಿ ಉಳಿಯಲಿಲ್ಲ.

ಕಾನೂನು ಅಚ್ಚನ್ನು ಹೀಗೆ ಬಗ್ಗಿಸುವುದು ಹೊಸತೂ ಅಲ್ಲ. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಸುಂಕವನ್ನು ಇಳಿಸಿದರು. ಅಂದಿನಿಂದ ಆ ಅಳತೆಯೊಳಗೆ ಐದು ಜನರನ್ನೂ ಅವರ ಪೆಟ್ಟಿಗೆಗಳನ್ನೂ ಹಿಡಿಸುವುದೇ ವಿನ್ಯಾಸಕಾರನ ಪಾಡಾಯಿತು. ಅಂಥಲ್ಲಿ ಜಾಗವನ್ನು ಕಡಮೆ ನುಂಗುವ ತಿರುಚುವ ತೊಲೆಗೆ ಮನ್ನಣೆ ದೊರೆತುದರಲ್ಲಿ ಆಶ್ಚರ್ಯವೇನು?

ಈ ಬದಲಾವಣೆಯಲ್ಲಿ ಕಳೆದುಹೋದದ್ದು ಏನೂ ಇಲ್ಲವೆ? ಇದೆ. ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ಜನ, ಸಾಮಾನು ಸೇರಿ 2,200 ಕಿಲೋಗ್ರಾಂ ತೂಗುವ ಗಾಡಿಯೊಂದನ್ನು ಊಹಿಸಿಕೊಳ್ಳಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 2,750 ಮಿಲಿಮೀಟರು ಅಂತರ. ಭಾರದ ಕೇಂದ್ರ ನೆಲದಿಂದ 700 ಮಿಲಿಮೀಟರು ಎತ್ತರದಲ್ಲಿದೆ ಎನ್ನೋಣ. ಆರು ಅಡಿಗೆ ಒಂದು ಅಡಿ ಏರುವ ದಾರಿಯನ್ನು ಅದು ಹತ್ತುವಾಗ ಸುಮಾರು 90 ಕಿಲೋಗ್ರಾಂ ಭಾರ ಮುಂದಿನ ಗಾಲಿಗಳಿಂದ ಹಿಂದಿನವುಗಳಿಗೆ ಜಾರುತ್ತದೆ. ಕೊನೆಯ ಸಾಲಿನಲ್ಲಿ ಕುಳಿತವರ ಭಾರವಂತೂ ಮೊದಲೇ ಬಹುಮಟ್ಟಿಗೆ ಹಿಂದಿನ ಗಾಲಿಗಳ ಮೇಲೆ ಬಿದ್ದಿರುತ್ತದೆ. ಎಳೆಯುವ ಗಾಲಿ ಹಿಂದೆ ಇದ್ದರೆ ಈ ಭಾರ ಅದರ ಹಿಡಿತವನ್ನು ಹೆಚ್ಚಿಸುತ್ತದೆ. ಮುಂದೆ ಇದ್ದರೆ ಅದೇ ಭಾರ ಹಿಡಿತವನ್ನು ಕಳೆಯುತ್ತದೆ. ಒಣಗಿದ ಡಾಂಬರಿನ ಮೇಲೆ ಇದು ಅರಿವಿಗೇ ಬಾರದು. ಮಳೆಗಾಲದ ಕೆಮ್ಮಣ್ಣಿನ ಮೇಲೆ, ಸಡಿಲ ಜಲ್ಲಿಯ ಮೇಲೆ, ಗಾಡಿ ತುಂಬ ಜನರಿದ್ದಾಗ ಅರಿವಿಗೆ ಬರುತ್ತದೆ. ಹೈಕ್ರಾಸ್ಸಿನ ಗಾಲಿಗಳ ನಡುವಣ ಅಂತರ ಕ್ರಿಸ್ಟಾ ಎಂಬ ಹಿಂದಿನ ಇನ್ನೋವಾಗಿಂತ 100 ಮಿಲಿಮೀಟರು ಹೆಚ್ಚು. ಅಂತರ ಹೆಚ್ಚಿದಷ್ಟೂ ಹೀಗೆ ಜಾರುವ ಭಾರ ಸ್ವಲ್ಪ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಇನ್ನು ಕಬ್ಬಾಳದುರ್ಗದ ಬಂಡೆಯ ಮಾತು ಬೇರೆ. ಅಲ್ಲಿಗೆ ಕಾಲ್ನಡಿಗೆಯೇ ಗತಿ.

ಹೈಕ್ರಾಸ್ ಬಂದ ಮೇಲೆ 2023ರಲ್ಲಿ ಡೀಸೆಲ್ ಎಂಜಿನ್ನಿನ, ಹಿಂಗಾಲಿ ಎಳೆತದ ಕ್ರಿಸ್ಟಾವನ್ನು ಮತ್ತೆ ಮಾರಾಟಕ್ಕೆ ತಂದರಷ್ಟೆ. ನನ್ನ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಹೊಸದು ಹಳೆಯದನ್ನು ಎಲ್ಲ ವಿಧದಲ್ಲೂ ಮೀರಿಸಿದ್ದರೆ ಹಳೆಯದನ್ನು ಯಾರು ಕರೆದು ತರುತ್ತಿದ್ದರು? ಒಂದೇ ಕಂಪನಿ, ಒಂದೇ ಹೆಸರಿನಲ್ಲಿ, ಎರಡು ಬಗೆಯ ಜನರಿಗೆ ಎರಡು ಬಗೆಯ ಹಿಂಭಾಗವನ್ನು ಕೊಟ್ಟಿತು.

ತಿರುಚುವ ತೊಲೆಯನ್ನು ‘ಅಗ್ಗದ ಮಾಲು’ ಎಂದು ಜರೆಯುವುದು ಓದಿದವರಲ್ಲಿ ಒಂದು ವಾಡಿಕೆಯಾಗಿದೆ. ಪ್ರತಿಯೊಂದು ಗಾಲಿಗೂ ಹಲವು ಕೊಂಡಿಗಳನ್ನು ಕೊಟ್ಟು ಬಿಡಿಬಿಡಿಯಾಗಿ ನಿಲ್ಲಿಸುವ ಮಲ್ಟಿಲಿಂಕ್ ಎಂಬ ಕ್ರಮವೇ ಶ್ರೇಷ್ಠವೆಂದು ಅವರ ಮತ. 1982ರ ಮರ್ಸಿಡಿಸ್ 190 ಕಾರಿನ ಐದು ಕೊಂಡಿಗಳ ಹಿಂಭಾಗ ನಿಜವಾಗಿಯೂ ಒಂದು ಸಾಧನೆ. ಹಳ್ಳ ಬಂದಾಗ ಗಾಲಿ ಹಿಂದಕ್ಕೆ ತುಸು ಮಣಿಯಬೇಕು, ಆದರೆ ತಿರುವಿನಲ್ಲಿ ಪಕ್ಕಕ್ಕೆ ಮಣಿಯಕೂಡದು ಎಂಬ ಎರಡು ವಿರುದ್ಧ ಬೇಡಿಕೆಗಳನ್ನು ಅದು ಬೇರೆಬೇರೆಯಾಗಿ ತೀರಿಸಬಲ್ಲುದು. ತೊಲೆಯು ಇವೆರಡನ್ನೂ ಎರಡು ರಬ್ಬರಿನ ಬುಷ್ಷುಗಳಿಂದಲೇ ತೀರಿಸಬೇಕು. ಆದಕಾರಣ ಎಲ್ಲಾದರೂ ರಾಜಿ ಮಾಡಿಕೊಳ್ಳಲೇಬೇಕು. ಆದರೆ ಕೊಂಡಿಗಳು ಹೆಚ್ಚಿದಂತೆ ಬುಷ್ಷುಗಳೂ ಹೆಚ್ಚುತ್ತವೆ. ಧೂಳಿನ ರಸ್ತೆಯಲ್ಲಿ ಒಂದೊಂದೂ ಸವೆಯುತ್ತದೆ. ಜಾಗ ಬೇಕು, ತೂಕ ಬೇಕು, ಹಣ ಬೇಕು, ಗಾಲಿಗಳ ಓರೆಯನ್ನು ಅಳೆದು ಸರಿಪಡಿಸುವ ಸಲಕರಣೆ ಬೇಕು.

ಲೋಕದ ದೊಡ್ಡ ತಯಾರಕರೇ ಈ ವಿಷಯದಲ್ಲಿ ಹಿಂದೆ ಮುಂದೆ ನಡೆದಿದ್ದಾರೆ. ಜರ್ಮನಿಯ ವೋಕ್ಸ್‌ವಾಗನ್ ಕಂಪನಿಯ ಗಾಲ್ಫ್ ಕಾರು 1974ರಲ್ಲಿ ತಿರುಚುವ ತೊಲೆಯೊಂದಿಗೆ ಹುಟ್ಟಿತು. 2003ರಲ್ಲಿ ಮಲ್ಟಿಲಿಂಕ್‌ಗೆ ಏರಿತು. 2012ರಲ್ಲಿ ಕಡಮೆ ಬಲದ ಮಾದರಿಗಳಿಗೆ ಮತ್ತೆ ತೊಲೆಯನ್ನೇ ಕೊಟ್ಟಿತು. ಚಾಲನೆಯ ಸುಖಕ್ಕೆ ಹೆಸರಾದ ಜಪಾನಿನ ಮಜ್ದಾ ಕಂಪನಿಯೂ 2019ರ ಮಜ್ದಾ 3 ಕಾರಿನಲ್ಲಿ ಮಲ್ಟಿಲಿಂಕನ್ನು ಬಿಟ್ಟು ತೊಲೆಗೆ ಮರಳಿತು. ಇವರೆಲ್ಲ ವಿದ್ಯೆ ಮರೆತವರೆನ್ನೋಣವೆ? ಅಲ್ಲ. ಉಳಿಸಿದ ಹಣವನ್ನೂ ತೂಕವನ್ನೂ ಬೇರೆಲ್ಲಿ ವಿನಿಯೋಗಿಸಬಹುದು ಎಂದು ಅವರು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ಲಾಭದ ಪಾಲೂ ಇದೆಯೆಂಬುದು ನಿಜ. ವ್ಯಾಪಾರ ಮಾಡುವವನು ಲಾಭವನ್ನು ನೋಡುವುದು ಅಪರಾಧವಲ್ಲ; ಬಳಸುವವನನ್ನು ನೋಡದಿರುವುದು ಅಪರಾಧ.

ಬಳಸುವವನು ತನ್ನ ಮಾತನ್ನು ನಡೆಸಿಕೊಂಡ ಒಂದು ಪ್ರಸಂಗ ನಮ್ಮ ದೇಶದ ಚರಿತ್ರೆಯಲ್ಲಿಯೇ ಇದೆ. 1961ರಲ್ಲಿ ಮದ್ರಾಸಿನಿಂದ ಬಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಹಿಂದಿನ ಗಾಲಿಗಳು ಬಿಡಿಬಿಡಿಯಾಗಿ ತೂಗುವಂಥವು. ಅಂದಿನ ಮಟ್ಟಿಗೆ ಅದು ಅಂಬಾಸಡರಿಗಿಂತ ‘ಮುಂದುವರಿದ’ ವಿನ್ಯಾಸ. ಆದರೆ ತೂಗುವ ಅಚ್ಚಿನಲ್ಲಿ ಭಾರ ಹೆಚ್ಚುಕಡಮೆಯಾದಂತೆ ಗಾಲಿಯ ಓರೆ ಬದಲಾಗುತ್ತದೆ. ನಮ್ಮ ಮಾಲಿಕರಿಗೂ ಮೆಕ್ಯಾನಿಕ್ಕುಗಳಿಗೂ ಅದು ಹಿಡಿಸಲಿಲ್ಲ. 1972ರಲ್ಲಿ ಅದರ ಬದಲಾಗಿ ಬಂದ ಗಜೆಲ್ ಎಂಬ ಕಾರಿಗೆ ಅದೇ ಕಂಪನಿ ಹಳೆಯ ಗಟ್ಟಿ ಅಚ್ಚನ್ನೇ ಹಾಕಿತು. ಪುಸ್ತಕದ ಪ್ರಕಾರ ಇದು ಹಿನ್ನಡೆ. ಎಣ್ಣೆಯ ಕೈಗಳು ಕೊಟ್ಟ ತೀರ್ಪಿನ ಪ್ರಕಾರ ಇದೇ ಸರಿ. ವಿನ್ಯಾಸದ ವಿಮರ್ಶೆಯನ್ನು ಮರದ ಕೆಳಗಿನ ಗ್ಯಾರೇಜಿನವನೂ ಬರೆಯುತ್ತಾನೆಂಬುದನ್ನು ನಾವು ಮರೆಯಬಾರದು.

ಕಾರಣಗಳು ಬದಲಾದಾಗ ರೂಪವೂ ಬದಲಾಗುತ್ತದೆ. ವಿದ್ಯುತ್ ಕಾರುಗಳಲ್ಲಿ ಇದು ನಡೆಯುತ್ತಿರುವುದನ್ನು ಕಾಣಬಹುದು. ಬ್ಯಾಟರಿ ನೆಲದಡಿಯಲ್ಲಿ ಮಲಗಿತು, ಮೋಟಾರು ಚಿಕ್ಕದಾಯಿತು, ಅದನ್ನು ಹಿಂದಿನ ಗಾಲಿಗಳ ನಡುವೆಯೇ ಇಡಬಹುದು, ಉದ್ದನೆಯ ಶಾಫ್ಟಿನ ಕಾಟವಿಲ್ಲ. ಮಹೀಂದ್ರ ಕಂಪನಿ 2024ರಲ್ಲಿ ಅನಾವರಣಗೊಳಿಸಿದ ವಿದ್ಯುತ್ ಕಾರುಗಳಲ್ಲಿ ಮೋಟಾರು ಹಿಂದೆಯೇ ಇದೆ. ಮುಂಗಾಲಿ ಎಳೆತವೇ ಕೊನೆಯ ಮಾತೆಂದು ಸಾರಿದ್ದವರು ಮತ್ತೆ ಹಿಂದಕ್ಕೆ ತಿರುಗಿ ನೋಡಬೇಕಾಯಿತು.

ಇಷ್ಟನ್ನು ಹೇಳಿದ ಮೇಲೆ, ನನ್ನ ಮುಖ್ಯವಾದ ಆಕ್ಷೇಪಣೆಯನ್ನು ಹೇಳಬೇಕು. ತಯಾರಕರು ಆಯ್ಕೆ ಮಾಡುವುದರಲ್ಲಿ ತಪ್ಪಿಲ್ಲ. ಆಯ್ಕೆಯ ಕಾರಣವನ್ನು ಕೊಳ್ಳುವವನಿಂದ ಮರೆಮಾಚುವುದರಲ್ಲಿ ತಪ್ಪಿದೆ. ಕಾರಿನ ಪರೀಕ್ಷೆ ಮಾಡಿ ಬರೆಯುವವರು ಬಹುಮಟ್ಟಿಗೆ ಇಬ್ಬರೇ ಕುಳಿತು, ನುಣುಪಾದ ಹೆದ್ದಾರಿಯಲ್ಲಿ ಓಡಿಸಿ ತೀರ್ಪು ಕೊಡುತ್ತಾರೆ. ನಮ್ಮಲ್ಲಿ ಗಾಡಿಯೆಂದರೆ ತುಂಬಿದ ಗಾಡಿ. ಹೊಲಗದ್ದೆಯನ್ನು ಅಡವಿಟ್ಟು ಸಾಲ ತಂದು, ಬಾಡಿಗೆಗೆ ಓಡಿಸುವುದಕ್ಕಾಗಿ ಗಾಡಿ ಕೊಳ್ಳುವ ಹುಡುಗನಿಗೆ ಹಿಂದಿನ ಅಚ್ಚಿನ ಆಯ್ಕೆ ರುಚಿಯ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ನಗರದ ಸಂಸಾರಕ್ಕಾಗಿ ರೂಪಿಸಿದ ಗಾಡಿಯನ್ನು ಅವನು ಹೊಳಪಿಗೆ ಮರುಳಾಗಿ ಕೊಂಡು ಹಳ್ಳಿಯ ದಾರಿಯಲ್ಲಿ ದುಡಿಸಿದರೆ ಬುಷ್ಷೂ ಟೈರೂ ಕಂತಿನ ಹಣವನ್ನು ತಿಂದುಹಾಕುತ್ತವೆ. ಹಾಗೆಯೇ, ವರ್ಷಕ್ಕೊಮ್ಮೆ ಊರಿಗೆ ಬರುವ ಮೇಷ್ಟರ ಸಂಸಾರವು ಮೂಟೆ ಹೊರುವ ಅಚ್ಚಿನ ಗಾಡಿಯನ್ನು ಕೊಂಡು ದಿನವೂ ಬೆನ್ನು ನೋಯಿಸಿಕೊಳ್ಳುವುದೂ ವ್ಯರ್ಥವೇ. ಪೂರ್ಣ ಭಾರದಲ್ಲಿ ಗಾಡಿ ಎಷ್ಟು ಕುಸಿಯುತ್ತದೆ, ಯಾವ ಗಾಲಿಯ ಮೇಲೆ ಎಷ್ಟು ಭಾರ ಬೀಳುತ್ತದೆ, ಯಾವ ಏರನ್ನು ಒದ್ದೆ ನೆಲದಲ್ಲಿ ಹತ್ತಬಲ್ಲುದು ಎಂಬುದನ್ನು ಕೊಳ್ಳುವವನ ಭಾಷೆಯಲ್ಲಿ ಮುದ್ರಿಸಿ ಕೊಡುವುದು ತಯಾರಕನ ಕರ್ತವ್ಯವಾಗಬೇಕು. ಈ ಅಂಕಿಗಳು ಅವನ ಬಳಿ ಇಲ್ಲದಿರುವುದು ಸಾಧ್ಯವಿಲ್ಲ. ಅವಿಲ್ಲದೆ ಅವನು ಒಂದು ಸ್ಪ್ರಿಂಗನ್ನೂ ಆರಿಸಲಾರ.

ಉಪಾಧ್ಯಾಯರಲ್ಲಿಯೂ ನನ್ನದೊಂದು ವಿಜ್ಞಾಪನೆ. ನಮ್ಮ ಪಾಲಿಟೆಕ್ನಿಕ್ಕಿನ, ಐಟಿಐಯ ಹುಡುಗರು ಸಸ್ಪೆನ್ಷನ್ನಿನ ಬಗೆಗಳ ಹೆಸರನ್ನು ಪಟ್ಟಿಯಾಗಿ ಉರುಹಚ್ಚುತ್ತಾರೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆಯುತ್ತಾರೆ. ‘ಇದನ್ನೇ ಏಕೆ ಹಾಕಿದರು?’ ಎಂಬ ಒಂದು ಪ್ರಶ್ನೆಯನ್ನು ಅವರಿಗೆ ಯಾರೂ ಕೇಳುವುದಿಲ್ಲ. ಹೆಸರು ಬಲ್ಲವನು ಕೆಲಸಗಾರನಾದಾನು. ಕಾರಣ ಬಲ್ಲವನು ವಿನ್ಯಾಸಕಾರನಾಗಬಲ್ಲ. ಬಿಡದಿಯ ಕಾರ್ಖಾನೆ ನಮ್ಮ ಮಕ್ಕಳಿಗೆ ಬೋಲ್ಟು ಬಿಗಿಯುವ ಉದ್ಯೋಗವನ್ನು ಕೊಟ್ಟಿದೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆ ಬೋಲ್ಟು ಅಲ್ಲಿಯೇ ಏಕಿರಬೇಕೆಂದು ನಿರ್ಧರಿಸುವ ಮೇಜಿನ ಬಳಿಗೂ ಅವರು ಹೋಗಬೇಕಾದರೆ, ಕಾರಣಗಳನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ವಾದಿಸಿ ಬೆಳೆದಿರಬೇಕು. ಕಾವ್ಯದ ಒಂದು ಪದ ಅಲ್ಲಿಯೇ ಏಕೆ ನಿಂತಿದೆಯೆಂದು ತರಗತಿಯಲ್ಲಿ ಗಂಟೆಗಟ್ಟಲೆ ಚರ್ಚಿಸುವ ನಾವು, ನಮ್ಮನ್ನು ಹೊತ್ತು ತಿರುಗುವ ಅಚ್ಚಿಗೆ ಆ ಗೌರವವನ್ನು ಏಕೆ ಕೊಡಬಾರದು?

ಅಲ್ಲಿಯವರೆಗೆ ಕೊಳ್ಳುವವರಿಗೆ ನಾನು ಹೇಳಬಹುದಾದ ಉಪಾಯ ಇಷ್ಟೇ. ಗಾಡಿಯನ್ನು ಪರೀಕ್ಷಿಸಲು ಹೋದಾಗ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಸ್ಟಿಯರಿಂಗನ್ನು ಬೇರೆಯವರಿಗೆ ಬಿಟ್ಟು ನೀವು ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳಿ. ಕೆಟ್ಟ ರಸ್ತೆಯೊಂದನ್ನು ಹುಡುಕಿ ಅದರ ಮೇಲೆಯೇ ನಡೆಸಿರೆಂದು ಕೇಳಿ. ಬಳಿಕ ಕೆಳಗಿಳಿದು, ಪಂಚೆಯೋ ಪ್ಯಾಂಟೋ ಕೊಳೆಯಾದರೂ ಚಿಂತೆಯಿಲ್ಲ, ಬಗ್ಗಿ ಹಿಂಬದಿಯ ಅಡಿಯನ್ನು ನೋಡಿ. ಅಲ್ಲಿ ಪಟ್ಟಿಗಳಿವೆಯೋ, ಸುರುಳಿಗಳಿವೆಯೋ, ತೊಲೆಯಿದೆಯೋ, ಕೊಂಡಿಗಳಿವೆಯೋ ಎಂದು ಗಮನಿಸಿ, ಅದೇಕೆಂದು ಮಾರುವವನನ್ನು ಕೇಳಿ. ಉತ್ತರ ಹೇಳಲು ಅವನು ತಡವರಿಸಿದರೆ, ರುಜು ಹಾಕಲು ನೀವೂ ತಡಮಾಡಿ.